ಹಗೇವಿಗೆ ಇಳಿದ ಹಡಗಿನ ಜೋಳ

ಪೀರಬಿ ಹುಟ್ಟಿದ್ದು ಮುದ್ದೇಬಿಹಾಳ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಹೂವಿನ ಹಿಪ್ಪರಗಿಗೆ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾಲ್ಕೋ ಹದಿನೈದೋ, ಬರೆದಿಟ್ಟವರು ಯಾರೂ ಇಲ್ಲ. ವರನನ್ನು ನೋಡಲು ಬಂದ ಅವಳ ತಂದೆ ಮನೆ ನೋಡಲಿಲ್ಲ, ಹೊಲ ಕೇಳಲಿಲ್ಲ. ಕೇಳುವುದಕ್ಕೆ ಹೊಲವೂ ಇರಲಿಲ್ಲ ಅನ್ನಿ. ಚಮನಸಾಬನ ಕೈಗೆ ಒಂದು ಹಿಡಿ ಜೋಳ ಕೊಟ್ಟು, "ಇದು ಎಷ್ಟು ದಿನ ಬಾಳತೈತಿ ಹೇಳಪಾ" ಅಂದನಂತೆ. ಚಮನಸಾಬ ಒಂದು ಕಾಳನ್ನು ದವಡೆಗೆ ಇಟ್ಟು ಕಟ್ ಎಂದು ಕಡಿದು, "ಮೂರು ವರ್ಷಕ್ಕ ನಾ ಜವಾಬ್ದಾರ್ರಿ. ನಾಕನೇ ವರ್ಷಕ್ಕ ನಿಮ್ಮ ನಸೀಬು" ಅಂದ. ಅಷ್ಟಕ್ಕೇ ಹೆಣ್ಣು ಕೊಟ್ಟರು.

ಚಮನಸಾಬನ ಕಸುಬು ಹಗೇವಿನದು. ಹಗೇವು ಅಂದರೆ ನೆಲದೊಳಗಿನ ಕಣಜ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೋದಂತೆ ಗಡಿಗೆಯ ಹೊಟ್ಟೆಯಷ್ಟು ಅಗಲ. ಒಳಗೆ ಬೆಂಕಿ ಹಾಕಿ ಒಣಗಿಸಿ, ಸುತ್ತಲಿನ ಗೋಡೆಗೆ ಜೋಳದ ಒಣ ದಂಟಿನ ಕಣಕಿ ಆನಿಸಿ, ಕಾಳು ಸುರಿದು, ಮೇಲೆ ಒಣ ಎಲೆಯ ರವದಿ ಹೊದಿಸಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಆಯಿತು. ಇಲಿ ಬಾರದು, ಹುಳ ಬಾರದು, ಕಳ್ಳನೂ ಬಾರ. ಮೇಲೆ ಬಂಡಿಗಳು ಓಡಾಡುತ್ತಿರುತ್ತವೆ, ಕೆಳಗೆ ಊರಿನ ರೊಟ್ಟಿ ಮಲಗಿರುತ್ತದೆ. ಇದನ್ನು ತುಂಬಲು, ತೆರೆಯಲು ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿ, ನಾಲ್ಕೂ ತಾಲ್ಲೂಕಿನಿಂದ ಚಮನಸಾಬನಿಗೆ ಕರೆ ಬರುತ್ತಿತ್ತು. ಕೂಲಿ ಎಂದರೆ ತೆಗೆದ ಜೋಳದಲ್ಲಿ ಒಂದು ಮೊರ.

ಅವನಿಗೆ ಕೆಲವು ಕಟ್ಟಳೆಗಳಿದ್ದವು. ತುಂಬುವ ಮುಂಚೆ ಪಂಚರ ಎದುರಿಗೆ ಕಾಳು ಕಡಿಯಬೇಕು. ಒಣಗಿದ ಕಾಳು ದವಡೆಯಲ್ಲಿ ಕಟ್ ಅನ್ನುತ್ತದೆ, ಆ ಸಪ್ಪಳ ನಿಂತವರಿಗೆಲ್ಲ ಕೇಳಬೇಕು. ಹಸಿ ಇದ್ದರೆ ಕಾಳು ಸಪ್ಪಳ ಮಾಡದೆ ಚಪ್ಪಟೆಯಾಗುತ್ತದೆ, ಅಂಥದ್ದನ್ನು ಹಗೇವಿಗೆ ಇಳಿಸಕೂಡದು. ತೆರೆಯುವಾಗ ಮೊದಲು ಕಂದೀಲು ಇಳಿಸಬೇಕು. ಕಂದೀಲು ಆರಿದರೆ ಒಳಗೆ ಕೆಟ್ಟ ಗಾಳಿ ಇದೆ ಎಂದು ಅರ್ಥ, ಇಳಿದ ಮನುಷ್ಯನೂ ಹಾಗೆಯೇ ಆರುತ್ತಾನೆ. ಇನ್ನೊಂದು, ಸೊಂಟಕ್ಕೆ ಹಗ್ಗ. ಅದರ ತುದಿ ಮೇಲೆ ನಿಂತವರ ಕೈಯಲ್ಲಿ ಇರಬೇಕು, ಒಳಗೆ ಏನೇ ಆದರೂ ಬಿಚ್ಚಬಾರದು. ಮೂವತ್ತು ವರ್ಷ ಇದನ್ನೆಲ್ಲ ಅವನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿದ್ದ. ಅವನು ತುಂಬಿದ ಒಂದು ಹಗೇವೂ ಕೆಟ್ಟದ್ದಿಲ್ಲ.

ಐವತ್ತು ದಾಟುತ್ತಿದ್ದಂತೆ ದವಡೆ ಹಲ್ಲುಗಳು ಒಂದೊಂದೇ ಬಿದ್ದವು. ಕೊನೆಯದು ಬಿದ್ದದ್ದು ಅರವತ್ತೈದನೇ ಇಸವಿಯ ಮೊಹರಂ ಸುಮಾರಿಗೆ, ಊಟಕ್ಕೆ ಕೂತಾಗ. ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಒಲೆಯ ಹಿಂದಿನ ಗೋಡೆಯ ಸಂದಿಯಲ್ಲಿ ತುರುಕಿ, "ಯಾರ ಮುಂದೂ ಅನ್ನಬ್ಯಾಡ" ಅಂದ.

"ನಾ ಯಾರ ಮುಂದ ಅನ್ನಲಿ? ಕೇಳಿದವರಿಗೆ ಹಲ್ಲು ಕಿಸದು ತೋರಸಬ್ಯಾಡ್ರಿ, ಅಷ್ಟ ಸಾಕು" ಎಂದು ಪೀರಬಿ ನಕ್ಕಳು. ಅಂದಿನಿಂದ ಅವನ ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಯಿಟ್ಟು ಕೊಟ್ಟಳು. ಆ ವರ್ಷ ಮಳೆಯೂ ಹೋಯಿತು. ತುಂಬಲು ಕಾಳಿಲ್ಲದ ಮೇಲೆ ಹಗೇವು ಯಾರು ಕೇಳುತ್ತಾರೆ? ಹಲ್ಲಿನ ಮಾತು ಅಲ್ಲಿಗೇ ನಿಂತಿತು.

ಅದೇ ಭಾದ್ರಪದದಲ್ಲಿ ಪಾಕಿಸ್ತಾನದ ಸಂಗಡ ಲಡಾಯಿ ಹತ್ತಿತು. ಮನಗೂಳಿಯ ಸಂತೆಯಲ್ಲಿ, ಇಪ್ಪತ್ತು ವರ್ಷದಿಂದ ಗುರುತಿದ್ದ ಒಬ್ಬ ದಲಾಲಿ ನಾಲ್ಕು ಜನರ ಎದುರಿಗೆ, "ಏನೋ ಚಮನಸಾಬ, ಈಗ ನೀ ಯಾವ ಕಡಿ?" ಅಂದ.

"ನಾ ಯಾವತ್ತೂ ಕೆಳಗಿನ ಕಡೀರಿ" ಅಂದ ಚಮನಸಾಬ. "ಮ್ಯಾಲ ಹಗ್ಗ ಹಿಡಕೊಂಡು ನಿಂದ್ರಾವ್ರು ನೀವ ಅಲ್ಲೇನು?"

ಸುತ್ತ ನಿಂತವರು ನಕ್ಕರು, ದಲಾಲಿಯೂ ನಕ್ಕ. ಮನೆಗೆ ಬಂದ ಚಮನಸಾಬ ಮಾತ್ರ ಅಂದು ಊಟ ಮಾಡಲಿಲ್ಲ. ಗೋಡೆಯ ಗೂಟಕ್ಕೆ ನೇತುಹಾಕಿದ್ದ ತನ್ನ ಹಗ್ಗವನ್ನೇ ನೋಡುತ್ತ ಕೂತಿದ್ದ.

ಲಡಾಯಿ ನಿಂತು, ರಷ್ಯಾದವರು ನಡುವೆ ಕೂತು ರಾಜಿ ಮಾಡಿಸಿದರು. ಬರ ಮಾತ್ರ ನಿಲ್ಲಲಿಲ್ಲ. ಮರುವರ್ಷ ಊರ ಸಾಲೆಯ ಅಂಗಳದಲ್ಲಿ ಗಂಜಿ ಕೇಂದ್ರ ಶುರುವಾಯಿತು. ನೂರಾ ನಲವತ್ತು ಮಕ್ಕಳಿಗೆ ದಿನಕ್ಕೊಂದು ಹೊತ್ತು. ಪಂಚಾಯಿತಿಯ ಚೇರಮನ್ ಗುರಪ್ಪಗೌಡರು ಪೀರಬಿಯನ್ನು ಕರೆದು ಸೌಟು ಕೊಟ್ಟರು. ಅವಳ ಜೊತೆಗೆ ರೇಣವ್ವ ಇದ್ದಳು. ಗಂಡ ದುಡಿಯಲು ಸೊಲ್ಲಾಪುರಕ್ಕೆ ಹೋಗಿ ಸುದ್ದಿಯಿಲ್ಲ, ಮನೆಯಲ್ಲಿ ಮೂರು ಮಕ್ಕಳು. ಪೀರಬಿಯ ಮನೆಯಲ್ಲಿ ಇದ್ದದ್ದು ಒಂದೇ ಕೂಸು, ನಾಲ್ಕು ವರ್ಷದ ಲಾಲಬಿ. ಹೆರಿಗೆಯಲ್ಲಿ ತೀರಿಕೊಂಡ ಮಗಳ ಮಗಳು. ಗಂಜಿ ಕೇಂದ್ರದಲ್ಲಿ ತಿಂದರೆ ತಿಂದಿತು, ಇಲ್ಲದಿದ್ದರೆ ಮನೆಯ ಗಡಿಗೆಗಳಲ್ಲಿ ತಿಳಿ ಬ್ಯಾಳಿ ಬಿಟ್ಟರೆ ಏನೂ ಇರಲಿಲ್ಲ.

ಗಂಜಿಯ ಕಾಳು ಅಮೆರಿಕದಿಂದ ಬರುವ ಕೆಂಪು ಜೋಳ. ಊರವರು ಹಡಗಿನ ಜೋಳ ಎಂದು ಕರೆದರು. ಬಡಿದರೆ ರೊಟ್ಟಿ ಆಗುತ್ತಿರಲಿಲ್ಲ, ಅಂಚು ಹರಿದು ಕೈಗೆ ಬರುತ್ತಿತ್ತು. ನುಚ್ಚು ಮಾಡಿ ಕುದಿಸಿದರೆ ಗಂಜಿ ಆಗುತ್ತಿತ್ತು. ಚೀಲದ ಮೇಲೆ ಎರಡು ಕೈ ಒಂದನ್ನೊಂದು ಹಿಡಿದ ಚಿತ್ರ.

"ಇದರಾಗ ನಮ್ಮ ಕೈ ಯಾವುದ್ರಿ ಗೌಡ್ರ?" ಎಂದು ಪೀರಬಿ ಒಮ್ಮೆ ಕೇಳಿದ್ದಳು.

"ತಗೊಳ್ಳೂದು ನಮ್ಮದು" ಅಂದರು ಗುರಪ್ಪಗೌಡರು.

"ಎರಡೂ ಒಂದ ಮಟ್ಟಕ್ಕ ಅದಾವಲ್ರಿ. ಗೊತ್ತ ಆಗವಲ್ದು."

ಮಧ್ಯಾಹ್ನ ಮಕ್ಕಳು ಉಂಡು ಎದ್ದ ಮೇಲೆ ಭೀಮಶ್ಯಾ ಮಾಸ್ತರರು ಸಾಲೆಯ ಕಟ್ಟೆಯ ಮೇಲೆ ಕೂತು ಎರಡು ದಿನದ ಹಿಂದಿನ ಪೇಪರು ಓದಿ ಹೇಳುತ್ತಿದ್ದರು. ಕೊಪ್ಪರಿಗೆ ತಿಕ್ಕುತ್ತ ಪೀರಬಿ, ರೇಣವ್ವ ಕೇಳುತ್ತಿದ್ದರು. ಹಿಂದೆ ವರ್ಷಗಟ್ಟಲೆಯ ಕರಾರು ಇತ್ತಂತೆ. ಲಡಾಯಿ ಆದ ಮೇಲೆ ಅಮೆರಿಕದವರು ಅದನ್ನು ಮುರಿದರು, ಈಗ ತಿಂಗಳು ತಿಂಗಳು ಲೆಕ್ಕ. ಅಲ್ಲಿನ ದೊರೆ ಸಹಿ ಹಾಕಿದರೆ ಹಡಗು ಹೊರಡುತ್ತದೆ, ಹಾಕದಿದ್ದರೆ ಕಾಳು ಅಲ್ಲಿಯೇ ಬಂದರದಲ್ಲಿ.

"ಈಗ ಮತ್ತ ಯಾಕ ಸಿಟ್ಟು ಬಂದೈತ್ರಿ ಅವರಿಗೆ?" ರೇಣವ್ವ ಕೇಳಿದಳು.

"ವಿಯೆಟ್ನಾಂದಾಗ ಅವರು ಬಾಂಬು ಹಾಕಾಕತ್ತಾರ. ನಮ್ಮ ಸರಕಾರ ನಿಲ್ಲಸ್ರಿ ಅಂತು. ನಮ್ಮ ಜ್ವಾಳ ತಿಂದು ನಮಗ ಬುದ್ಧಿ ಹೇಳ್ತೀರೇನು ಅಂತ ಅವರು."

"ವಿಯೆಟ್ನಾಂ ಅಂದ್ರ ಯಾವ ತಾಲ್ಲೂಕ್ರಿ?"

"ಸಿಂದಗಿ ದಾಟಿ ಬಾಳ ದೂರ, ರೇಣವ್ವ."

"ಅಷ್ಟು ದೂರ ಬಿದ್ದ ಬಾಂಬಿಗೆ ನಮ್ಮ ಕೊಪ್ಪರಿಗಿ ಯಾಕ ಅಲಗಾಡಬೇಕ್ರಿ?"

ಮಾಸ್ತರರು ಪೇಪರು ಮಡಿಸಿದರು.

ಆಷಾಢದ ಒಂದು ದಿನ ಎರಡು ಲಾರಿ ಬಂದು ನಿಂತವು. ಎಂಬತ್ತು ಚೀಲ. ಮಳೆಗೆ ದಾರಿ ಕಟ್ಟಬಹುದು, ಮುಂದಿನ ಹಡಗಿನ ಭರವಸೆಯೂ ಇಲ್ಲ, ಇಷ್ಟರಲ್ಲಿ ಬರುವ ಬೇಸಗೆ ಮುಗಿಯುವವರೆಗೆ ನಡೆಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಸಾಲೆಯ ಕೋಣೆ ಸೋರುತ್ತಿತ್ತು. ಸಿಂದಗಿ ಕಡೆ ಎಲ್ಲೋ ಜನ ಕದ ಮುರಿದು ಚೀಲ ಹೊತ್ತೊಯ್ದರು ಎಂಬ ಸುದ್ದಿ ಬೇರೆ. ಗುರಪ್ಪಗೌಡರಿಗೆ ಹೊಳೆದದ್ದು ಅವರ ಅಜ್ಜನ ಕಾಲದಲ್ಲಿ ಹೊಳೆಯುತ್ತಿದ್ದದ್ದೇ. ಚಾವಡಿಯ ಮುಂದಿನ ದೊಡ್ಡ ಹಗೇವು ಖಾಲಿ ಇತ್ತು. ಇಪ್ಪತ್ತು ಚೀಲ ಮೇಲಿಟ್ಟುಕೊಂಡು ಅರವತ್ತು ಅದರೊಳಗೆ ಇಳಿಸಿದರೆ ಯಾರ ಕಣ್ಣೂ ಬೀಳುವುದಿಲ್ಲ. ಚಮನಸಾಬನಿಗೆ ಹೇಳಿ ಕಳಿಸಿದರು.

ಎರಡು ವರ್ಷದ ಮೇಲೆ ಬಂದ ಕರೆ ಅದು. ಚಮನಸಾಬ ಗೂಟದಿಂದ ಹಗ್ಗ ಇಳಿಸಿ ಮೊಳ ಮೊಳ ಎಳೆದು ನೋಡಿದ. ಮದುವೆಗೆ ಸುತ್ತುವ ರುಮಾಲು ತೆಗೆದು ಸುತ್ತಿಕೊಂಡ. "ನೋಡು ಲಾಲಿ, ಊರೆಲ್ಲಾ ನಿನ್ನ ನಾನಾನ್ನ ಮರತಿದ್ರು. ಅಮೆರಿಕಾದಾವ ನೆನಪು ಮಾಡಿಕೊಂಡ" ಎಂದು ಮೊಮ್ಮಗಳನ್ನು ಎತ್ತಿಕೊಂಡ. ಅಷ್ಟು ದಿನದಲ್ಲಿ ಅವನು ನಕ್ಕದ್ದನ್ನು ಪೀರಬಿ ಕಂಡಿರಲಿಲ್ಲ.

ಆದರೆ ಅಂದು ಬೆಳಿಗ್ಗೆ ಅವಳು ಗಂಜಿಗೆ ಕಾಳು ತೆಗೆಯಲು ಹೊಸ ಚೀಲ ಬಿಚ್ಚಿದ್ದಳು. ಮೇಲಿನ ಕಾಳು ತಣ್ಣಗಿತ್ತು. ಮೊಣಕೈವರೆಗೆ ಕೈ ಇಳಿಸಿದಾಗ ಒಳಗೆ ಬೆಚ್ಚಗಿತ್ತು, ಜ್ವರ ಬಂದ ಕೂಸಿನ ಹೊಟ್ಟೆಯ ಹಾಗೆ. ಬೀಸಲು ಹಾಕಿದರೆ ನುಚ್ಚು ಬೀಸುಕಲ್ಲಿಗೆ ಮೆತ್ತಿಕೊಂಡಿತು. ಮುಂಬಯಿಯ ಬಂದರದಲ್ಲಿ, ಸುರಿಯುವ ಮಳೆಯಲ್ಲಿ ತುಂಬಿದ ಚೀಲಗಳು. ಹೇಳಬೇಕೆಂದು ಅವಳು ಮನೆಗೆ ಬಂದಿದ್ದಳು. ರುಮಾಲು ಸುತ್ತಿಕೊಂಡು ನಗುವವನ ಎದುರಿಗೆ ನಿಂತು ಬಾಯಿ ತೆರೆದು, "ಬ್ಯಾಳಿ ಆರೇತಿ, ಉಣ್ಣಬರ್ರಿ" ಅಂದಳು. ಕಾಳು ತಿಳಿದವನು ಅವನು, ನಾನೇನು ಹೇಳಲಿ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಕಡಿದಾಗ ತಾನೇ ತಿಳಿಯುತ್ತದೆ ಅಂದುಕೊಂಡಳು. ಕಡಿಯಲು ಹಲ್ಲಿಲ್ಲ ಎಂಬುದು ಇಡೀ ಊರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಸಾಲೆಯ ಅಂಗಳದಲ್ಲಿ ಪಂಚರು ಕೂಡಿದರು. ಗುರಪ್ಪಗೌಡರು, ಮಾಸ್ತರರು, ಹಗ್ಗ ಹಿಡಿಯುವ ಚಂದಪ್ಪ. ಪೀರಬಿ ಸೌಟು ಹಿಡಿದುಕೊಂಡೇ ಒಲೆಯ ಹತ್ತಿರ ನಿಂತಿದ್ದಳು. ಚಮನಸಾಬ ಚೀಲದಿಂದ ಒಂದು ಕಾಳು ಆರಿಸಿ ಬಾಯಿಗೆ ಹಾಕಿಕೊಂಡ. ದವಡೆಯ ಕಡೆಗೆ ನಾಲಗೆಯಿಂದ ತಳ್ಳಿದ. ಕೆನ್ನೆ ಆಡಿತು. ಪೀರಬಿ ಕಿವಿಗೊಟ್ಟಳು. ಏನೂ ಕೇಳಲಿಲ್ಲ.

"ಏನಂತೈತಿ?" ಅಂದರು ಗೌಡರು.

"ನಾಕ ದಿನ ಬಿಸಲಿಗೆ ಹಾಕಿದ್ರ ಛಲೋರಿ" ಅಂದ ಚಮನಸಾಬ.

"ಬಿಸಿಲು ಎಲ್ಲೈತೋ ಮಾರಾಯಾ? ಮುಗಲು ನೋಡು. ಬಯಲಾಗ ಹರವಿ ಸುತ್ತಲಿನ ಹಳ್ಳಿಯವರನೆಲ್ಲಾ ಊಟಕ್ಕ ಕರೀಲೇನು? ಕಟ್ ಅಂತೋ ಇಲ್ಲೋ, ಅಷ್ಟ ಹೇಳು."

ಚಮನಸಾಬ ಒಮ್ಮೆ ಒಲೆಯ ಕಡೆ ನೋಡಿದ. ಹೆಂಡತಿಯ ಮುಖದಲ್ಲಿ ಏನೋ ಹುಡುಕಿದಂತಿತ್ತು. ಪೀರಬಿ ಕಣ್ಣು ಕೆಳಗೆ ಹಾಕಿದಳು.

"ಅಂತ್ರಿ" ಅಂದ.

ಎಲ್ಲರೂ ತಮಗೇ ಕೇಳಿತು ಎಂಬಂತೆ ತಲೆಯಾಡಿಸಿದರು.

ಎರಡು ದಿನ ಚೀಲ ಸುರಿದರು. ನೂರೈವತ್ತು ಚೀಲದ ಹೊಟ್ಟೆಗೆ ಅರವತ್ತು ಚೀಲ. ಅರೆ ತುಂಬಿದ ಹಗೇವು ಬೆವರುತ್ತದೆಂದು ಚಮನಸಾಬ ಮೇಲೆ ಎರಡರಷ್ಟು ರವದಿ ಹೊದಿಸಿದ. ಹಾಸುಗಲ್ಲು ಮುಚ್ಚಿ ತನ್ನ ಕೈಯಾರೆ ಮಣ್ಣು ಮೆತ್ತಿದ. ಗೌಡರು ಕೂಲಿಯ ಮೊರ ತುಂಬಿ ಕೊಡಹೋದರೆ, "ತೆಗೆದಾಗ ತಗೋತೇನ್ರಿ" ಎಂದು ಬಿಟ್ಟ. ಅದು ಅವನ ರೂಢಿಯೇ ಆಗಿದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ಪೀರಬಿಗೆ ಅನ್ನಿಸಿತು.

ಆಮೇಲಿನ ತಿಂಗಳುಗಳಲ್ಲಿ ಅವನು ದಿನಕ್ಕೊಮ್ಮೆಯಾದರೂ ಚಾವಡಿಯ ಮುಂದೆ ಹಾಯುತ್ತಿದ್ದ. ಹಾಸುಗಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಮಣ್ಣಿಗೆ ಅಂಗೈ ಇಟ್ಟು ನೋಡುತ್ತಿದ್ದ. ಕೇಳಿದವರಿಗೆ, "ಇಲಿ ಕೆದರೇದೇನು ಅಂತ ನೋಡಾಕತ್ತೇನಿ" ಅನ್ನುತ್ತಿದ್ದ. ಮನೆಯಲ್ಲಿ ಇಬ್ಬರೂ ಆ ಮಾತು ಎತ್ತಲಿಲ್ಲ. ಒಂದೇ ಗೋಡೆಗೆ ಒರಗಿ ಕೂತು ಬೇರೆ ಬೇರೆ ಕಡೆ ನೋಡುತ್ತಿದ್ದರು.

ಮೇಲಿನ ಇಪ್ಪತ್ತು ಚೀಲ ಗಾಳಿಯಾಡಿ ಕೆಡದೆ ದೀಪಾವಳಿಯವರೆಗೆ ಬಂದವು. ಹಡಗು ಬರಲಿಲ್ಲ. ದೊರೆ ಸಹಿ ಹಾಕಿಲ್ಲ, ಕಾಗದ ಮೇಜಿನ ಮೇಲೇ ಇದೆ ಎಂದು ಮಾಸ್ತರರು ಓದಿದರು. ಈ ಸಲ ರೇಣವ್ವ ಕೊಪ್ಪರಿಗೆ ತಿಕ್ಕುತ್ತಲೇ ಇದ್ದಳು. ಹಿಂಗಾರಿ ಮಳೆಯೂ ಕೈಕೊಟ್ಟಿತ್ತು. ಕೊನೆಯ ದಿನ ಪೀರಬಿ ಚೀಲ ತಿರುವಿ ಜಾಡಿಸಿ, ಬಿದ್ದ ಧೂಳನ್ನೂ ಜರಡಿ ಹಿಡಿದು ಕೊಪ್ಪರಿಗೆಗೆ ಹಾಕಿದಳು. ಸೋಮವಾರ ಹಗೇವು ತೆರೆಯುವುದೆಂದು ಗೌಡರು ಡಂಗುರ ಸಾರಿಸಿದರು.

ಸೋಮವಾರ ಊರೆಲ್ಲ ಚಾವಡಿಯ ಮುಂದೆ. ಮಕ್ಕಳು ಗಂಗಾಳ ಹಿಡಿದುಕೊಂಡೇ ಬಂದಿದ್ದವು. ಚಂದಪ್ಪನೂ ಇನ್ನಿಬ್ಬರೂ ಹಾರೆ ಹಾಕಿ ಹಾಸುಗಲ್ಲು ಎಬ್ಬಿಸಿದರು. ಕಲ್ಲಿನ ಅಡಿಯಿಂದ ನೀರು ತೊಟ್ಟಿಕ್ಕಿತು. ಹಿಂದೆಯೇ ಹುಳಿತ ಅಂಬಲಿಯ ವಾಸನೆ ಎದ್ದು ಬಂತು, ಬೆಚ್ಚಗೆ. ಹಿರಿಯರು ಮೂಗಿಗೆ ಪಂಚೆ ಹಿಡಿದರು. ಯಾರೂ ಚಮನಸಾಬನ ಮುಖ ನೋಡಲಿಲ್ಲ. ಅವನು ಕಂದೀಲು ಹಚ್ಚಿ ಇಳಿಸಿದ. ಒಂದಾಳು ಆಳಕ್ಕೆ ಹೋಗುವಷ್ಟರಲ್ಲಿ ಆರಿತು.

ಕಂಬಳಿ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಒಳಗಿನ ಗಾಳಿ ಕಲಕಿದರು. ಬೇವಿನ ಟೊಂಗೆಗಳಿಂದ ಬೀಸಿದರು. ಸಂಜೆಗೆ ಮತ್ತೆ ಕಂದೀಲು ಆರಿತು. ಮಂಗಳವಾರವೂ ಅದೇ ಪಾಡು. ಲಾಲಬಿ ಆ ಎರಡು ದಿನ ನೀರು ಕುಡಿದು ಮಲಗಿದ್ದಳು. ಮೊದಲ ದಿನ ಗಂಜಿ ಕೇಳಿದ್ದಳು. ಎರಡನೆಯ ದಿನ ಕೇಳಲೂ ಇಲ್ಲ. ಕೂಸು ಕೇಳುವುದನ್ನು ಬಿಟ್ಟದ್ದು ಪೀರಬಿಗೆ ತಡೆಯಲಾಗಲಿಲ್ಲ.

ಮಂಗಳವಾರ ಸಂಜೆ ರೇಣವ್ವ ತನ್ನ ಸಣ್ಣ ಮಗನನ್ನು ಬಗಲಲ್ಲಿ ಎತ್ತಿಕೊಂಡು ಹಗೇವಿನ ಬಾಯಿಗೆ ಬಂದು ನಿಂತಳು. ಕೂಸಿನ ಕತ್ತು ಒಂದು ಕಡೆ ವಾಲಿತ್ತು. "ನೂರು ಮಕ್ಕಳ ಬಾಯಿಗೆ ಮಣ್ಣು ಮೆತ್ತಿದೆಲ್ಲೋ ಚಮನಸಾಬ" ಅಂದಳು, ಕೂಗದೆ, ಮೆಲ್ಲಗೆ. "ನೀನೂ ಅದರಾಗ ಹೋಗಿ ಕೂಡು."

ಚಮನಸಾಬ ಕಂಬಳಿ ಎತ್ತುತ್ತಲೇ ಇದ್ದ. "ಹೋಗ್ತೇನವ್ವಾ" ಅಂದ.

ಬುಧವಾರ ಬೆಳಗಾಗುತ್ತಿದ್ದಂತೆ ಅವನು ಎದ್ದು ಕೈಕಾಲು ಮುಖ ತೊಳೆದು ವಜೂ ಮಾಡಿ ನಮಾಜು ಮುಗಿಸಿದ. ಹಗ್ಗ ಹೆಗಲಿಗೆ ಹಾಕಿಕೊಂಡು, ಹೊರಡುವ ಬದಲು ಒಲೆಯ ಮುಂದೆ ಪೀರಬಿಯ ಎದುರಿಗೆ ಕೂತ. ಒಲೆಯಲ್ಲಿ ಬೆಂಕಿ ಇರಲಿಲ್ಲ.

"ಅಂದು ಕಟ್ ಅನ್ನಲಿಲ್ಲ, ಪೀರಬಿ."

"ಗೊತ್ತೈತಿ."

"ಹೆಂಗ?"

"ನಾ ಕಿವಿ ಕೊಟ್ಟಿದ್ನೆಲ್ರಿ." ಅವಳು ಉಳಿದದ್ದನ್ನೂ ಹೇಳಿದಳು. "ಅಂದು ಮುಂಜಾನೆ ಚೀಲದಾಗ ಕೈ ಹಾಕಿದ್ದೆ. ಬೆಚ್ಚಗಿತ್ತು. ನಿಮಗ ಹೇಳಬೇಕಂತ ಬಂದೆ. ನೀವು ರುಮಾಲು ಸುತ್ತಿಕೊಂಡಿದ್ರಿ."

ಚಮನಸಾಬ ಅವಳನ್ನು ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಚೆನ್ನಾಗಿತ್ತು.

"ನೀ ಹೇಳಿದ್ರೂ ನಾ ಕೇಳತಿದ್ದಿಲ್ಲ ಬಿಡು" ಅಂದ. "ಎರಡು ವರ್ಷ ಆಗಿತ್ತು ಯಾರೂ ಕರದು." ಎದ್ದು ನಿಂತ. "ಗ್ವಾಡಿ ಕಡೀದು, ಮ್ಯಾಲಿಂದು ಕೆಟ್ಟಿರತೈತಿ. ನಟ್ಟನಡುವಿಂದು ಕೆಟ್ಟಿರಾಕಿಲ್ಲ. ಅಷ್ಟರ ತೆಗೀತೇನಿ. ಕಂದೀಲು ನೀ ಹಿಡಿ. ಚಂದಪ್ಪನ ಕಣ್ಣಿಗಿಂತ ನಿನ್ನ ಕಣ್ಣು ಛಲೋ ಅದಾವು."

ಕಂದೀಲು ಅಂದು ಕಾಳಿನ ಮಟ್ಟದವರೆಗೂ ಇಳಿಯಿತು. ಆರಲಿಲ್ಲ. ಆದರೆ ದೀಪ ಕುಗ್ಗಿ ನೀಲಿಯಾಗಿ, ಬತ್ತಿಗೆ ಅಂಟಿಕೊಂಡು ನಿಂತಿತು. ಇನ್ನೂ ಒಂದು ದಿನ ಕಾಯಬೇಕು ಎಂಬುದು ಅವನ ಕಟ್ಟಳೆಯೇ. ಪೀರಬಿ ಬಗ್ಗಿ ನೋಡಿ, "ಸಣ್ಣಗ ಉರೀತೈತಿ, ನಾಳಿ ನೋಡೂಣ್ರಿ" ಅಂದಳು.

"ಉರೀತೈತಿ ಅಂದೆಲ್ಲ, ಸಾಕು" ಎಂದು ಅವನು ಸೊಂಟಕ್ಕೆ ಹಗ್ಗ ಬಿಗಿದು ಇಳಿದ.

ಗುರಪ್ಪಗೌಡರು ತಾವೇ ಹಗ್ಗಕ್ಕೆ ಕೈ ಹಾಕಿದ್ದರು. ಹಿಂದೆ ಚಂದಪ್ಪ. ಬುಟ್ಟಿ ತುಂಬಿದಾಗ ಎರಡು ಸಲ ಜಗ್ಗುವುದು, ತನ್ನನ್ನು ಎತ್ತಬೇಕಾದರೆ ಒಂದೇ ಸಲ. ಒಳಗೆ ಗುದ್ದಲಿಯ ಸಪ್ಪಳ. ಮೊದಲ ಬುಟ್ಟಿಗಳಲ್ಲಿ ಕಪ್ಪಗೆ ಹೆಪ್ಪುಗಟ್ಟಿದ ಕಾಳು ಬಂತು, ಅದನ್ನು ಬದಿಗೆ ಚೆಲ್ಲಿದರು. ಆಮೇಲೆ ಕಂದು. ಆಮೇಲೆ ಅಲ್ಲಲ್ಲಿ ಕೆಂಪು. ಜನ ಮಾತಾಡತೊಡಗಿದರು. ಐದು ಬುಟ್ಟಿಗೊಮ್ಮೆ ಅವನು ಮೇಲೆ ಬಂದು, ಕಲ್ಲಿನ ಮೇಲೆ ತಲೆ ಹಿಡಿದು ಕೂತು, ಮತ್ತೆ ಇಳಿಯುತ್ತಿದ್ದ. ಗೌಡರು ಸಾಕು ಅಂದರು. "ಇನ್ನ ನಡುವಿಂದು ಕೈಗೆ ಬರಾಕತ್ತೈತ್ರಿ" ಅಂದ. ಆರನೆಯ ಸಲ ಇಳಿಯುವಾಗ ಅವನ ತುಟಿ ನೀಲಿ ಇತ್ತು. ಪೀರಬಿ ತೋಳು ಹಿಡಿದಳು, ಅವನು ಮೆಲ್ಲಗೆ ಬಿಡಿಸಿಕೊಂಡ.

ಹತ್ತೊಂಬತ್ತನೆಯ ಒಳ್ಳೆಯ ಬುಟ್ಟಿ ಬಂತು. ಒಂದು ಕರಿ ಕಾಳಿಲ್ಲ. ಬುಟ್ಟಿ ಮತ್ತೆ ಇಳಿಯಿತು. ಒಳಗೆ ಗುದ್ದಲಿಯ ಸಪ್ಪಳ ಕೇಳಲಿಲ್ಲ. ಎರಡು ಸಲವೂ ಜಗ್ಗಲಿಲ್ಲ, ಒಂದು ಸಲವೂ ಜಗ್ಗಲಿಲ್ಲ.

"ಎಳೀರಿ" ಅಂದಳು ಪೀರಬಿ.

ಎಳೆದರು. ಹಗ್ಗ ಹಗುರವಾಗಿ ಬಂತು. ತುದಿಯಲ್ಲಿ ಯಾರೂ ಇರಲಿಲ್ಲ. ಹರಿದದ್ದಲ್ಲ, ಬಿಚ್ಚಿದ್ದು. ನಡುವಿನ ಕಾಳಿಗಾಗಿ ತೋಡಿದ ಗುಣಿಯೊಳಗೆ ಇಳಿಯಲು ಹಗ್ಗ ಸಾಲದೆ ಅವನೇ ಬಿಚ್ಚಿದ್ದ.

ಚಂದಪ್ಪ ಹಾರಲು ಹೋದ, ಗೌಡರು ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿದರು. ಪೀರಬಿ ಕಂದೀಲು ಇಳಿಸಿದಳು, ಆರಿತು. ಹಚ್ಚಿ ಇಳಿಸಿದಳು, ಆರಿತು. ಕಂಬಳಿ ಬೀಸಿದರು. ಮಾಸ್ತರರು ಟೊಂಗೆ ಹಿಡಿದು ಬೀಸುತ್ತ ಅಳುತ್ತಿದ್ದರು. ಕಂದೀಲು ಒಳಗೆ ಉರಿದು ನಿಲ್ಲುವಷ್ಟರಲ್ಲಿ ಹೊತ್ತು ಪಡುವಣಕ್ಕೆ ವಾಲಿತ್ತು. ಚಂದಪ್ಪ ಇಳಿದು ಹಗ್ಗ ಕಟ್ಟಿದ. ಮೇಲೆ ಬಂದ ಚಮನಸಾಬನ ಮುಷ್ಟಿಯಲ್ಲಿ ಒಂದು ಹಿಡಿ ಕೆಂಪು ಜೋಳ ಇತ್ತು. ಬಿಡಿಸಲು ಆಗಲಿಲ್ಲ.

ಗುರುವಾರ ಮಣ್ಣು ಮಾಡಿದರು. ಮಯ್ಯತ್ತಾದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುವುದಿಲ್ಲ, ನೆರೆಹೊರೆಯವರು ಅಡಿಗೆ ಮಾಡಿ ಕಳಿಸುತ್ತಾರೆ. ಈ ಸಲ ಯಾವ ಮನೆಯಿಂದಲೂ ಏನೂ ಬರಲಿಲ್ಲ. ಕಳಿಸಲು ಯಾರ ಹತ್ತಿರವೂ ಏನೂ ಇರಲಿಲ್ಲ. ಹತ್ತೊಂಬತ್ತು ಬುಟ್ಟಿಯ ಜೋಳ ಸಾಲೆಯ ಕೋಣೆಯಲ್ಲಿ ಬಿದ್ದಿತ್ತು. ಅದನ್ನು ಮುಟ್ಟಲು ಗೌಡರಿಗೇ ಧೈರ್ಯ ಬರಲಿಲ್ಲ. ಮನುಷ್ಯನನ್ನು ತಿಂದ ಕಾಳು, ಮಕ್ಕಳಿಗೆ ಹೇಗೆ ಹಾಕುವುದು ಎಂದು ಜನ ಪಿಸುಗುಟ್ಟಿದರು.

ಶುಕ್ರವಾರ ಮುಂಜಾನೆ ಲಾಲಬಿ ಕಣ್ಣು ತೆರೆಯಲು ಬಹಳ ಹೊತ್ತು ತೆಗೆದುಕೊಂಡಳು. ಪೀರಬಿ ಅವಳನ್ನು ಎತ್ತಿ ಸೊಂಟಕ್ಕೆ ಕಟ್ಟಿಕೊಂಡು ಎದ್ದಳು. ಬಾಗಿಲಲ್ಲಿ ನಾದಿನಿ ಶಮ್ಶುನ್ನೀಸಾ ಅಡ್ಡ ನಿಂತಳು.

"ಎಲ್ಲಿಗೆ ಭಾಬಿ? ಇದ್ದತ್ ಕೂತಿರಿ. ನಾಕು ತಿಂಗಳು ಹತ್ತು ದಿನ ಹೊಸ್ತಲ ದಾಟಂಗಿಲ್ಲ. ಮೂರು ದಿನ ಒಲಿ ಹಚ್ಚಂಗಿಲ್ಲ."

"ಮನಿ ಒಲಿ ಹಚ್ಚಂಗಿಲ್ಲ ಅಂತೀ. ಹಚ್ಚಂಗಿಲ್ಲ" ಅಂದಳು ಪೀರಬಿ. "ಸಾಲಿ ಒಲಿ ನಮ್ಮ ಮನೀದಲ್ಲ. ಹೊಸ್ತಲಾ ದಾಟಿದ ಪಾಪ ನನ್ನ ಲೆಕ್ಕಕ್ಕ ಬರಕೊಳ್ಳಲಿ. ಅಲ್ಲಿ ಈಗಾಗಲೇ ಒಂದೈತಿ."

ಅವಳು ಚಾವಡಿಯ ಮುಂದೆ ಹಾದು ಹೋಗುವಾಗ ಹಗೇವಿನ ಬಾಯಿ ತೆರೆದೇ ಇತ್ತು. ಅತ್ತ ನೋಡದೆ ನಡೆದಳು. ಸಾಲೆಯ ಕೋಣೆಯ ಚಿಲಕ ತೆಗೆದು, ಲಾಲಬಿಯನ್ನು ಚೀಲದ ಮೇಲೆ ಮಲಗಿಸಿ, ಕೊಪ್ಪರಿಗೆಗೆ ನೀರು ಸೇದಿ ಜೋಳ ಹಾಕಿದಳು. ಕೆಟ್ಟ ಕಾಳು ಮೇಲೆ ತೇಲಿತು, ಬಸಿದಳು. ಏಳು ನೀರಿನಲ್ಲಿ ತೊಳೆದಳು. ಹುಳಿ ವಾಸನೆ ಪೂರ್ತಿ ಹೋಗಲಿಲ್ಲ. ತೊಳೆಯದ ಬುಟ್ಟಿಯಿಂದ, 'ನಡುವಿಂದು' ಎಂದು ಅವನು ಹೇಳಿದ್ದರಿಂದ, ಒಂದು ಕಾಳು ತೆಗೆದು ದವಡೆಗೆ ಇಟ್ಟಳು. ಹೆಣ್ಣುಮಕ್ಕಳು ಮಾಡುವ ಕೆಲಸ ಅಲ್ಲ ಅದು.

ಕಟ್ ಅಂತು.

ಬಾಗಿಲಲ್ಲಿ ರೇಣವ್ವ ನಿಂತಿದ್ದಳು, ಯಾವಾಗ ಬಂದಳೋ. ಅವಳಿಗೂ ಕೇಳಿಸಿತ್ತು. ಬಗಲಿನ ಕೂಸನ್ನು ಲಾಲಬಿಯ ಪಕ್ಕಕ್ಕೆ ಮಲಗಿಸಿ, ಒಲೆಗೆ ಕಟ್ಟಿಗೆ ಒಡ್ಡಿ ಊದತೊಡಗಿದಳು. ಬಹಳ ಹೊತ್ತಿನ ಮೇಲೆ ರೇಣವ್ವ, "ಅಕ್ಕಾ, ನನ್ನ ನಾಲಿಗಿ..." ಎಂದು ಶುರು ಮಾಡಿದಳು.

"ಊದು" ಅಂದಳು ಪೀರಬಿ. "ಬೆಂಕಿ ಆರತೈತಿ."

ಹೊಗೆ ಕಂಡು ಮಕ್ಕಳು ಬಂದವು. ನಡೆಯಲಾರದವನ್ನು ತಾಯಂದಿರು ಎತ್ತಿ ತಂದರು. ಗಂಜಿಯಲ್ಲಿ ಹಗೇವಿನ ವಾಸನೆ ಇತ್ತು, ಯಾರೂ ಮುಖ ಸಿಂಡರಿಸಲಿಲ್ಲ. ಲಾಲಬಿ ಮೂರು ಗುಟುಕು ಕುಡಿದಳು, ನಾಲ್ಕನೆಯದನ್ನು ಉಗುಳಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಾಯಿ ತೆರೆದಳು.

ಒಂಬತ್ತನೆಯ ದಿನ ಭೀಮಶ್ಯಾ ಮಾಸ್ತರರು ಪೇಪರು ಹಿಡಿದು ಓಡುತ್ತ ಬಂದರು. "ಸಹಿ ಆಗೋ ಸುದ್ದಿ ಬಂದೈತಿ, ಪೀರಮ್ಮ. ಹಡಗು ಬಿಡ್ತಾರಂತ."

"ಬಿಟ್ಟು ಎಷ್ಟು ದಿನಕ್ಕ ಬರತೈತ್ರಿ ಇಲ್ಲಿಗೆ?"

ಮಾಸ್ತರರು ಬೆರಳು ಮಡಿಸಿ ಎಣಿಸಿದರು. ಸಮುದ್ರ, ಮುಂಬಯಿ, ರೈಲು, ಲಾರಿ. ಎರಡು ಸಲ ಎಣಿಸಿ, ಪೇಪರು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

ಪೀರಬಿ ಕೋಣೆಗೆ ಹೋಗಿ ನೋಡಿದಳು. ಎರಡು ಬುಟ್ಟಿಯಷ್ಟು ಜೋಳ ಇತ್ತು. ಹೊರಗೆ ಬಂದು ದೊಡ್ಡ ಸೌಟನ್ನು ಗೂಟಕ್ಕೆ ತೂಗುಹಾಕಿ, ಮನೆಯಿಂದ ತಂದಿದ್ದ ಬ್ಯಾಳಿಯ ಸಣ್ಣ ಸೌಟು ಕೈಗೆ ತೆಗೆದುಕೊಂಡಳು. ಮಕ್ಕಳ ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.